ಮಾಳಿಗೆಯ ಕೆಟಲ್ಲು, ಬೀಗಿತ್ತಿಯ ಮಿಕ್ಸರು

ಇದನ್ನು ಬರೆಯುತ್ತೇನೆಂದು ಕುಳಿತು, ಪೆನ್ನಿಗೆ ಟೋಪಿ ಹಾಕಿ ಎದ್ದುಬಿಟ್ಟದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸಿಗಲಿಲ್ಲವೆಂಬ ನೆವ, ಒಮ್ಮೆ ಸೆಕೆಯ ನೆವ, ಒಮ್ಮೆ ಮೊಣಕಾಲಿನದು. ನಿಜವಾದ ಕಾರಣ ನಾಚಿಕೆ. ಕೊಲೆಯೇನೂ ಮಾಡಿಲ್ಲ, ಒಂದು ಜನರೇಟರ್ ಸುಟ್ಟೆ, ಅಷ್ಟೇ. ಆದರೆ ಅದನ್ನು ಸುಟ್ಟವರು ನನ್ನ ಬೀಗಿತ್ತಿ, ಅಂದರೆ ನನ್ನ ಸೊಸೆಯ ತಾಯಿ, ಎಂದು ಮನೆಮಂದಿಯೆಲ್ಲ ಇವತ್ತಿಗೂ ನಂಬಿದ್ದಾರೆ. ಹಾಗೆ ನಂಬಿಸಿದವನು ನಾನು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದುಡಿದದ್ದು ಸಂಡೂರಿನ ಕಡೆ, ಅದಿರಿನ ಲಾರಿಗಳನ್ನು ತೂಗುವ ಕಾಟಾದಲ್ಲಿ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುವುದು, ನಾನು ಕಿಟಕಿಯ ಒಳಗಿಂದ ತೂಕ ನೋಡುವುದು, ಹೆಚ್ಚಿದ್ದರೆ ಇಳಿಸು ಎನ್ನುವುದು. ಇದೇ ನನ್ನ ಜೀವನ. ಡ್ರೈವರುಗಳ ಮಾತಿಗೆ ಕೊನೆಯೆಂಬುದಿರಲಿಲ್ಲ.

"ಸಾಹೇಬ್ರ, ಮಳಿ ಬಂದು ಮಣ್ಣು ಹಸಿ ಆಗೈತ್ರಿ. ದಾರ್ಯಾಗ ಒಣಗಿ ತೂಕ ಸರಿ ಆಗತೈತಿ, ಬಿಡ್ರಿ."

"ಹಂಗಂದ್ರ ಒಣಗಿದ ಮ್ಯಾಗ ಬಾರಲೇ" ಎನ್ನುತ್ತಿದ್ದೆ.

ಹೀಗೆ ಊರಿನ ಲೋಡನ್ನೆಲ್ಲ ತೂಗಿದವನು ನಾನು, ನನಗೆ ತಿಳಿಯದ ಲೋಡು ಭೂಮಿಯ ಮೇಲಿಲ್ಲ ಎಂಬ ಗರ್ವ ತಲೆಗೆ ಹತ್ತಿತ್ತು. ನಿವೃತ್ತಿಯಾಗಿ ಹೊಸಪೇಟೆಯಲ್ಲಿ, ಮಲಪನಗುಡಿಗೆ ಹೋಗುವ ಕಡೆ ಇರುವ ನಮ್ಮ ಮನೆಗೆ ಬಂದು ಕುಳಿತಾಗ ತೂಗಲು ಏನೂ ಉಳಿದಿರಲಿಲ್ಲ. ಮನೆಯಲ್ಲಿ ಹೆಂಡತಿ, ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮಾಡುವ ಮಗ, ಸೊಸೆ. ಮೂವರೂ ಹದವಾದ ತೂಕದವರು, ಯಾರಿಗೂ ಇಳಿಸು ಎನ್ನುವಂತಿರಲಿಲ್ಲ.

ಅಷ್ಟರಲ್ಲಿ ಜನರೇಟರ್ ಬಂತು. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ಗಾಳಿ ನಿಂತರೂ ಹೋಗುತ್ತದೆ. ಹಂಪಿಯ ಹತ್ತಿರ ಒಂದು ಗೆಸ್ಟ್‌ಹೌಸಿನವರು ಬಾಗಿಲು ಹಾಕುತ್ತಿದ್ದರು. ಅವರ ಪೆಟ್ರೋಲ್ ಜನರೇಟರನ್ನು ಮಗ ತಂದ. ಇಬ್ಬರು ಹಿಡಿದರೆ ಎತ್ತಬಹುದಾದ ಪೆಟ್ಟಿಗೆ, ಹಗ್ಗ ಎಳೆದರೆ ಶುರುವಾಗುತ್ತದೆ. ಅದರ ಮೈಮೇಲೆ ದೊಡ್ಡ ಅಕ್ಷರದಲ್ಲಿ ಎರಡು ಸಾವಿರ ವಾಟು ಎಂದಿತ್ತು. ಅದರ ಕೆಳಗೆ ಎಣ್ಣೆಯ ಜಿಡ್ಡು. ಜಿಡ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಬರೆದಿತ್ತು. ಒರೆಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಆ ಸಣ್ಣ ಅಕ್ಷರ ಹೇಳುತ್ತಿದ್ದುದು ಇಷ್ಟು: ದೊಡ್ಡ ಸಂಖ್ಯೆ ಒಂದು ಗಳಿಗೆಯ ಮಟ್ಟಿಗೆ, ಬಿಡದೆ ಹೊರಬೇಕಾದರೆ ಸಾವಿರದ ಆರುನೂರು ಮಾತ್ರ.

ಕೆಲವನ್ನು ಸರಿಯಾಗಿಯೇ ಮಾಡಿದೆ. ಹೊಗೆ ವಿಷವೆಂದು ಜನರೇಟರನ್ನು ಹಿತ್ತಲಿನಲ್ಲಿ, ಕಿಟಕಿಗಳಿಂದ ದೂರ ಇಡಿಸಿದೆ. ನಮ್ಮ ಮನೆಯ ಕರೆಂಟು ತಿರುಗಿ ಬೀದಿಯ ತಂತಿಗೆ ಹೋದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯವೆಂದು, ಒಂದೋ ಬೀದಿಯ ಕರೆಂಟು ಇಲ್ಲವೇ ಜನರೇಟರು, ಎರಡೂ ಎಂದಿಗೂ ಕೂಡದ ಹಾಗೆ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿದೆ. ಇವನ್ನು ಮೊದಲೇ ಬರೆದುಕೊಳ್ಳುತ್ತಿದ್ದೇನೆ, ಏಕೆಂದರೆ ನನ್ನ ಹೆಸರಿಗೆ ಒಳ್ಳೆಯದು ಇಷ್ಟೇ. ಲೋಡು ಹೆಚ್ಚಾದರೆ ತಾನೇ ಬೀಳಬೇಕಾದ ಟ್ರಿಪ್ ಸ್ವಿಚ್ಚನ್ನು ಗೆಸ್ಟ್‌ಹೌಸಿನವರು ಪದೇಪದೇ ಬೀಳುತ್ತದೆಂದು ಒಂದು ತುಂಡು ವೈರಿನಿಂದ ದಾಟಿಸಿದ್ದರು. ಮೆಕ್ಯಾನಿಕ್ ಅದನ್ನು ತೋರಿಸಿ ಹೊಸದು ಹಾಕಿಸಿರೆಂದ. ನೋಡೋಣ ಎಂದೆ. ನೋಡಲಿಲ್ಲ.

ಅಂದಿನಿಂದ ಮನೆಗೆ ನಾನೇ ಲೋಡ್ ಮಂತ್ರಿ. ಪ್ರತಿ ಸಾಮಾನಿನ ಬೆನ್ನು ತಿರುಗಿಸಿ ವಾಟು ಓದಿದೆ. ಫ್ರಿಜ್ಜು ನೂರೈವತ್ತು, ಫ್ಯಾನು ಎಪ್ಪತ್ತೈದು, ಟಿ.ವಿ. ಎಂಬತ್ತು, ನೀರೆತ್ತುವ ಮೋಟರು ನಾನೂರು, ಮಿಕ್ಸರು ಐನೂರು. ಲಾರಿ ತೂಗಿದ ಹಾಗೆಯೇ ಕೂಡಿಸಿದೆ. ಕರೆಂಟು ಹೋದರೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದೆ. ಯಾರು ಏನು ಹಾಕಬೇಕಾದರೂ ನನ್ನನ್ನು ಕೇಳಿಯೇ ಹಾಕಬೇಕು.

ಹೆಂಡತಿ ಒಮ್ಮೆ ಅಂದಳು: "ಏನ್ರಿ, ಕೆಮ್ಮು ಬಂದೈತಿ, ಕೆಮ್ಮಲೋ ಬ್ಯಾಡೋ? ಎಷ್ಟ್ ವಾಟ್ ಆಗತೈತಿ ನೋಡಿ ಹೇಳ್ರಿ."

ಬೀಗಿತ್ತಿಯದು ಕಂಪ್ಲಿ. ಗಂಡ ತೀರಿಕೊಂಡ ಮೇಲೆ ಅಲ್ಲಿನ ಹಿಟ್ಟಿನ ಗಿರಣಿಯನ್ನು ಅವರೇ ನಡೆಸುತ್ತಿದ್ದರು. ಹತ್ತು ಎಚ್‌ಪಿ ಮೋಟರಿನ ಪಕ್ಕ ನಿಂತು ಮಾತನಾಡಿ ಮಾತನಾಡಿ ಅವರ ದನಿ ಮನೆಯಲ್ಲಿ ಕೂತು ಆಡಿದರೂ ಬೀದಿಗೆ ಕೇಳಿಸುತ್ತಿತ್ತು. ನಮ್ಮ ಕಡೆ ಬೀಗರೆಂದರೆ ಕಾಲೆಳೆಯಲು ಹುಟ್ಟಿದವರು. ನೆಟ್ಟಗೆ ಮಾತಾಡಿದರೆ ಏನೋ ಸಿಟ್ಟಾಗಿದ್ದಾರೆಂದು ಅರ್ಥ. ನನ್ನ ಜನರೇಟರ್ ಲೆಕ್ಕವನ್ನು ಅವರಿಗೆ ಹೆಮ್ಮೆಯಿಂದ ಹೇಳಿದಾಗ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು:

"ಲೆಕ್ಕ ಛಲೋ ಐತ್ರಿ ಬೀಗ್ರ. ಆದ್ರ ಮೋಟರ್ ಅನ್ನೋದು ಲಾರಿ ಅಲ್ಲ. ಏಳೂಮುಂದ ಭಾಳ ತಿಂತೈತಿ, ಎದ್ದು ನಿಂತ ಮ್ಯಾಗ ಸುಮ್ಮನಾಗತೈತಿ. ನೀವು ಕುರ್ಚಿಯಿಂದ ಏಳೂಮುಂದ ಯಪ್ಪಾ ಯವ್ವಾ ಅಂತೀರಲ್ಲ, ಹಂಗ."

"ಗಿರಣಿ ಮಾತು ಗಿರಣ್ಯಾಗ ಇರಲ್ರಿ. ಇದು ಹಂಪಿ ಮಾಲು" ಎಂದು ನಾನು ತೇಲಿಸಿಬಿಟ್ಟೆ. ಕಾಟಾದ ಮೇಲೆ ಲಾರಿ ಹೊರಡುವಾಗಲೂ ನಿಂತಾಗಲೂ ಅದರ ತೂಕ ಒಂದೇ. ಮೋಟರಿನದು ಹಾಗಲ್ಲವೆಂಬುದು ನನ್ನ ತಲೆಗೆ ಇಳಿಯಲಿಲ್ಲ. ಇಳಿಯುವಷ್ಟು ಜಾಗವನ್ನೂ ಗರ್ವ ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಒಂದು ಮಾತು ನಡೆದಿತ್ತು. ಬೀಗಿತ್ತಿಯ ಗಿರಣಿಯಲ್ಲಿ ಖಾರಪುಡಿ ಕುಟ್ಟುವ ಸಣ್ಣ ಮಷೀನೊಂದು ಕೆಲಸವಿಲ್ಲದೆ ನಿಂತಿತ್ತು. ಅದನ್ನು ನಮ್ಮ ಮನೆಯ ಮುಂದಿನ ಕೋಣೆಗೆ ತಂದು, ಬೇರೆ ಮೀಟರು ಹಾಕಿಸಿ, ಸೊಸೆ ಖಾರಪುಡಿ, ಶೇಂಗಾ ಚಟ್ನಿಪುಡಿ ಮಾಡಿ ಮಾರಬೇಕೆಂದು ತಾಯಿ ಮಗಳ ಆಸೆ. ಸೊಸೆ ಆಗಲೇ ಕೋಣೆಯ ಅಳತೆ ತೆಗೆದಿದ್ದಳು. ಬೀದಿಯ ಹೆಂಗಸರಿಗೆ ಹೇಳಿಯೂ ಇಟ್ಟಿದ್ದಳು. ಮಗ ಮಾತ್ರ ಅರ್ಧ ಮನಸ್ಸಿನಲ್ಲಿದ್ದ. ಕಾರ್ಖಾನೆಯಲ್ಲಿ ಕರೆಂಟಿನ ಅಪಘಾತ ಕಂಡವನು, ಮನೆಯಲ್ಲಿ ಮಷೀನೆಂದರೆ ಹೆದರುತ್ತಿದ್ದ. ಅವನನ್ನು ಒಪ್ಪಿಸಲೆಂದೇ ಬೀಗಿತ್ತಿ ಒಂದು ಭಾನುವಾರ ಕಂಪ್ಲಿಯಿಂದ ಬಸ್ಸು ಹತ್ತಿ ಬಂದರು. ಹುರಿದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ತಂದಿದ್ದರು. ಅಳಿಯ ಊಟಕ್ಕೆ ಕೂತಾಗ ಬಿಸಿ ರೊಟ್ಟಿಯ ಜೊತೆ ಹೊಸ ಚಟ್ನಿಪುಡಿ ತಿನ್ನಿಸಿ ಹೂಂ ಅನ್ನಿಸುವುದು ಅವರ ಉಪಾಯ.

ಮುಂದಿನ ಕೋಣೆಯಲ್ಲಿ ನನ್ನ ಮಂಚವಿತ್ತು. ಮಷೀನು ಬಂದರೆ ನಾನು ಮಾಳಿಗೆಯ ಕೋಣೆಗೆ ಹೋಗಬೇಕು. ಇದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಈಗ ಕೆಟಲ್ಲಿನ ವಿಷಯ ಹೇಳಲೇಬೇಕು. ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೇಡವೆಂದ ಸಿಹಿಯನ್ನು ಹೆಂಡತಿ ಡಾಕ್ಟರಿಗಿಂತ ಕಟ್ಟುನಿಟ್ಟಾಗಿ ಬೇಡವೆನ್ನುತ್ತಾಳೆ. ಹಾಗಾಗಿ ಮಾಳಿಗೆಯ ಕೋಣೆಯಲ್ಲಿ, ಹಳೆಯ ಟ್ರಂಕಿನ ಹಿಂದೆ, ನಾನೊಂದು ಕರೆಂಟಿನ ಕೆಟಲ್ಲು ಇಟ್ಟುಕೊಂಡಿದ್ದೆ. ಮೈಗೆ ಹಾಕುವ ಪೌಡರಿನ ಖಾಲಿ ಡಬ್ಬಿಯಲ್ಲಿ ಸಕ್ಕರೆ. ಮೊದಮೊದಲು ಚಹಾ ಮಲ್ಲಿಗೆ ವಾಸನೆ ಹೊಡೆಯುತ್ತಿತ್ತು, ಆಮೇಲೆ ನಾಲಿಗೆ ಒಗ್ಗಿತು. ಪೇಪರ್ ಓದುತ್ತೇನೆಂದು ಹೇಳಿ ಮೇಲೆ ಹೋಗುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಹಗ್ಗ ಎಳೆದೆ. ಫ್ರಿಜ್ಜು, ಮೂರು ಫ್ಯಾನು, ಟಿ.ವಿ. ನಡೆದವು. ನಾನೂರ ಐವತ್ತೈದು ವಾಟು. ಮಂತ್ರಿಗೆ ಚಹಾದ ಚಪಲವಾಯಿತು. ಕೆಟಲ್ಲು ಸಾವಿರದ ಐನೂರು. ಕೂಡಿಸಿದೆ, ಸಾವಿರದ ಒಂಬೈನೂರ ಐವತ್ತೈದು. ಎರಡು ಸಾವಿರಕ್ಕೆ ಇನ್ನೂ ನಲವತ್ತೈದು ಬಾಕಿ. ಕಾಟಾದಲ್ಲಿ ಇಷ್ಟಕ್ಕೆ ಎಷ್ಟೋ ಲಾರಿ ಬಿಟ್ಟಿದ್ದೇನೆ ಎಂದು ಮೇಲೆ ಹೋಗಿ ಸ್ವಿಚ್ಚು ಒತ್ತಿದೆ. ಹಿತ್ತಲಲ್ಲಿ ಜನರೇಟರಿನ ದನಿ ಬದಲಾಯಿತು. ಏರುದಾರಿಯಲ್ಲಿ ತುಂಬಿದ ಲಾರಿ ನರಳುವ ದನಿ ಅದು. ಆ ದನಿಯ ಅರ್ಥ ನನಗಲ್ಲದೆ ಇನ್ನಾರಿಗೆ ಗೊತ್ತು? ಆದರೂ ಕೆಟಲ್ಲಿನ ಮುಂದೆ ಕುಳಿತೇ ಇದ್ದೆ.

ಆಗ ಕೆಳಗಿನಿಂದ ಬೀಗಿತ್ತಿಯ ದನಿ ಬಂತು.

"ಬೀಗ್ರ, ಮಿಕ್ಸರ್ ಹಾಕ್ಲೇನ್ರಿ? ನಡೀತೈತೇನು ನೋಡಿ ಹೇಳ್ರಿ."

ಅವರು ಕೇಳಿದರು. ನನ್ನ ಕಾನೂನಿನ ಪ್ರಕಾರ, ಮಂತ್ರಿಯ ಅಪ್ಪಣೆ ಕೇಳಿದರು. ಸ್ವಲ್ಪ ತಾಳ್ರಿ ಎಂದು ನಾನು ಅನ್ನಬೇಕಿತ್ತು. ಅಂದಿದ್ದರೆ ಅವರು ಏಕೆಂದು ಕೇಳುತ್ತಿದ್ದರು, ಮೇಲೆ ಏನು ನಡೆದಿದೆ ಎಂದು ಹೆಂಡತಿ ಹತ್ತಿ ಬರುತ್ತಿದ್ದಳು. ನೀರು ಇನ್ನೇನು ಕುದಿಯುವುದರಲ್ಲಿತ್ತು.

"ಹಾಕ್ರಿ ಬೀಗ್ರ, ಏನೂ ಆಗಂಗಿಲ್ಲ" ಎಂದೆ. ಹಿತ್ತಲಲ್ಲಿದ್ದ ಹೆಂಡತಿಗೂ ಸೊಸೆಗೂ ಜನರೇಟರಿನ ಸದ್ದಿನಲ್ಲಿ ಈ ಮಾತು ಕೇಳಿಸಿರಲಾರದು.

ಮಿಕ್ಸರು ಒಂದು ಸಲ ಗುಂಯ್ ಎಂದಿತು, ಅಷ್ಟೇ. ಹಿತ್ತಲಿನಿಂದ ಸುಟ್ಟ ವಾರ್ನಿಷ್ ವಾಸನೆ, ನೀಲಿ ಹೊಗೆ. ಫ್ಯಾನುಗಳು ನಿಂತವು. ದಾಟಿಸಿದ ಟ್ರಿಪ್ ಸ್ವಿಚ್ಚು ತನ್ನ ವೈರಿನ ತುಂಡಿನೊಂದಿಗೆ ಸುಮ್ಮನೆ ಕೂತಿತ್ತು. ನಾನು ಕೆಟಲ್ಲನ್ನು ಟ್ರಂಕಿನ ಹಿಂದೆ ತಳ್ಳಿ, ಪೌಡರ್ ಡಬ್ಬಿ ಮುಚ್ಚಿ, ಪೇಪರ್ ಕೈಯಲ್ಲಿ ಹಿಡಿದು ಇಳಿದು ಬಂದೆ. ಪೇಪರ್ ತಲೆಕೆಳಗಾಗಿತ್ತು, ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಹಿತ್ತಲಿನಲ್ಲಿ ಎಲ್ಲರೂ ಜನರೇಟರಿನ ಸುತ್ತ ನಿಂತಿದ್ದರು. ಪಾಳಿ ಮುಗಿಸಿ ಮಲಗಿದ್ದ ಮಗ ಎದ್ದು ಬಂದಿದ್ದ.

"ಯಾರ್ ಏನ್ ಹಾಕಿದ್ರಿ?" ಎಂದ.

"ನಾನಪ್ಪ, ಮಿಕ್ಸರ್ ಹಾಕಿದೆ" ಎಂದರು ಬೀಗಿತ್ತಿ. ಹೇಳಿ ನನ್ನ ಮುಖ ನೋಡಿದರು. ಕೇಳಿಯೇ ಹಾಕಿದೆ ಎಂದು ಅವರು ಸೇರಿಸಲಿಲ್ಲ. ಅದನ್ನು ನಾನು ಸೇರಿಸಲಿ ಎಂದು ಕಾದರು.

ನಾನು ಸೇರಿಸಿದ್ದು ಬೇರೆಯದನ್ನು. "ನಮ್ಮ ಬೀಗ್ರದು ಹತ್ತು ಎಚ್‌ಪಿ ಕೈ ಅಲ್ಲೇನು? ಈ ಸಣ್ಣ ಜನರೇಟರ್ ಹೆಂಗ ತಡದೀತು" ಎಂದೆ.

ಎಲ್ಲರೂ ನಕ್ಕರು. ನನ್ನ ಹೆಂಡತಿ ನಕ್ಕಳು, ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯವರು ನಕ್ಕರು. ಬೀಗರ ಮಾತೆಂದರೆ ನಗಲೇಬೇಕಲ್ಲ. ಬೀಗಿತ್ತಿಯೂ ನಕ್ಕರು. ನಗದೆ ನಿಂತವಳು ಸೊಸೆ ಒಬ್ಬಳೇ.

ಅಂದಿನ ಊಟಕ್ಕೆ ಚಟ್ನಿಪುಡಿ ಇರಲಿಲ್ಲ. ಮಗ ರೊಟ್ಟಿ ಮುರಿಯುತ್ತ ಅತ್ತೆಯ ಕಡೆ ನೋಡದೆ ಹೆಂಡತಿಗೆ ಅಂದ: "ಮಿಕ್ಸರಿಗೇ ಹಿಂಗಾತು. ಮಷೀನ್ ತಂದ್ರ ಮನೀನ ಸುಟ್ಟು ಹೋಗತೈತಿ. ಬ್ಯಾಡ ಬಿಡು."

"ಅದು ಬ್ಯಾರೆ ಲೈನು, ಬ್ಯಾರೆ ಮೀಟರ್ ರೀ" ಎಂದಳು ಸೊಸೆ.

"ಲೈನ್ ಬ್ಯಾರೆ ಆದ್ರೂ ಕೈ ಅದೇ ಅಲ್ಲೇನು?"

ಗಿರಣಿ ನಡೆಸಿ ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟ ಹೆಂಗಸಿಗೆ ಆ ಮಾತು ಹೇಗೆ ತಾಕಿರಬೇಕು. ಅವರು ಮಜ್ಜಿಗೆ ಸುರಿದುಕೊಂಡು ಉಂಡೆದ್ದರು. ಸಂಜೆಯ ಬಸ್ಸಿಗೆ ಹೊರಟರು. ನಾನು ಮುಂದಿನ ಕೋಣೆಯ ಮಂಚದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದೆ. ಪಶ್ಚಾತ್ತಾಪವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ನನಗೆ ಆದದ್ದು ಸಮಾಧಾನ. ಮಂಚ ಉಳಿಯಿತು, ಕೆಟಲ್ಲು ಉಳಿಯಿತು.

ಮೆಕ್ಯಾನಿಕ್ ಬಂದು ವೈಂಡಿಂಗ್, ಅಂದರೆ ಒಳಗಿನ ತಂತಿಯ ಸುತ್ತು, ಪೂರ್ತಿ ಸುಟ್ಟಿದೆಯೆಂದ. ಮಿಕ್ಸರ್ ಒಂದರಿಂದ ಹೀಗಾಗುವುದಿಲ್ಲ, ಇನ್ನೇನೋ ದೊಡ್ಡ ಲೋಡು ಇದ್ದಿರಬೇಕೆಂದೂ ಅಂದ. ಆಗ ಮನೆಯಲ್ಲಿದ್ದವನು ನಾನೊಬ್ಬನೇ. ಅವನಿಗೆ ಚಹಾ ಕುಡಿಸಿ ಕಳುಹಿಸಿದೆ.

ಹತ್ತು ಎಚ್‌ಪಿ ಬೀಗ್ರು ಎಂಬ ಹೆಸರು ನಿಂತುಬಿಟ್ಟಿತು. ನೆಂಟರ ಮನೆಯ ಊಟದಲ್ಲಿ ಅವರು ಬಡಿಸಲು ಎದ್ದರೆ, "ಯಕ್ಕಾ, ಲೈಟ್ ಸ್ವಿಚ್ ಮುಟ್ಟಬ್ಯಾಡ್ರಿ ಮತ್ತ" ಎನ್ನುವವರು ಹುಟ್ಟಿಕೊಂಡರು. ಅಂಥ ಒಂದು ಊಟದಲ್ಲಿ, ಕೈ ತೊಳೆಯುವ ಕಡೆ, ನಾನು ಧೈರ್ಯ ಮಾಡಿದೆ.

"ಬೀಗ್ರ, ಅವತ್ತಿನ ತಪ್ಪು ನಂದ್ರಿ."

ಅವರು ಕೈ ಒರೆಸಿಕೊಳ್ಳುತ್ತ ಸುತ್ತಲಿನವರಿಗೆ ಕೇಳುವಂತೆ ಅಂದರು: "ಕೇಳಿದ್ರೇನ್ರಿ? ತಪ್ಪು ನಂದು ಅನ್ನೋ ಗಂಡಿನ ಕಡೆ ಬೀಗ್ರು. ಇವರನ್ನ ಕಮಲಾಪುರದ ಮ್ಯೂಸಿಯಂನಾಗ ಇಡ್ಸಬೇಕ್ರಿ, ಹಂಪಿ ನೋಡಾಕ ಬಂದೋರು ಇವರನ್ನೂ ನೋಡಿ ಹೋಗ್ಲಿ."

ಮತ್ತೆ ನಗು. ಬೀಗರ ನಡುವೆ ನಿಜ ಹೇಳಲು ಹೋದರೆ ಹೀಗೇ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ನನಗೂ ಬೇಕಾಗಿದ್ದುದು ಅದೇ ಇರಬೇಕು. ಆ ನಗುವಿನ ಮರೆಯಲ್ಲಿ ಬಹಳ ದಿನ ಅಡಗಿದ್ದೆ.

ಮುಂದೆ ಮನೆಗೆ ಬೇರೆ ಜನರೇಟರ್ ಬಂತು. ಈ ಸಲ ಸಣ್ಣ ಅಕ್ಷರ ಮೊದಲು ಓದಿದೆ. ಬಿಡದೆ ಹೊರುವ ಸಂಖ್ಯೆಯನ್ನಷ್ಟೇ ನಂಬಿ, ಅದರಲ್ಲೂ ನಾಲ್ಕನೆಯ ಒಂದು ಪಾಲು ಖಾಲಿ ಬಿಟ್ಟೆ. ಟ್ರಿಪ್ ಸ್ವಿಚ್ಚು ಸರಿಯಿದೆಯೇ ಎಂದು ನೋಡಿಸಿದೆ. ಮೊದಲು ಫ್ರಿಜ್ಜು ಹಾಕಿ, ಅದರ ಮೋಟರು ಎದ್ದು ಉಸಿರು ಹಿಡಿದ ಮೇಲೆ ನೀರಿನ ಮೋಟರು, ಅದೂ ಎದ್ದು ನಿಂತ ಮೇಲೆ ಫ್ಯಾನು. ಎರಡು ಮೋಟರುಗಳನ್ನು ಒಟ್ಟಿಗೆ ಎಬ್ಬಿಸುವುದಿಲ್ಲ. ನೀರು ಕಾಯಿಸುವಂಥದ್ದನ್ನು ಅದರ ಹತ್ತಿರಕ್ಕೂ ಬಿಡುವುದಿಲ್ಲ. ಬೀಗಿತ್ತಿ ಕುರ್ಚಿಯ ಉದಾಹರಣೆ ಕೊಟ್ಟು ಹೇಳಿದ್ದನ್ನೇ ಅಕ್ಷರಶಃ ಪಾಲಿಸುತ್ತಿದ್ದೆ. ಹಾಗೆ ಒಂದೊಂದಾಗಿ ಸ್ವಿಚ್ಚು ಹಾಕುವಾಗಲೆಲ್ಲ ಅವರ ಮುಖ ಎದುರಿಗೆ ಬರತೊಡಗಿತು. ಕೊನೆಗೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕಂಪ್ಲಿಯ ಬಸ್ಸು ಹತ್ತಿದೆ.

ಗಿರಣಿಯಲ್ಲಿ ಅವರೊಬ್ಬರೇ ಇದ್ದರು. ಜೋಳ ಬೀಸಲು ಶುರು ಮಾಡುತ್ತಿದ್ದರು. ನನ್ನನ್ನು ನೋಡಿ, "ಕುಂದ್ರಿ" ಎಂದು ಚೀಲದ ಗಂಟು ತೋರಿಸಿ, ಮೋಟರು ಹಾಕಿದರು. ಜೋಳ ಸುರಿಯಲಿಲ್ಲ. ಬರೀ ಮೋಟರು ಮೇಲೇರಿ, ಬೆಲ್ಟಿನ ದನಿ ಒಂದೇ ಸಮನಾಗುವ ತನಕ ಕೈ ಕಟ್ಟಿ ನಿಂತರು. ಆಮೇಲೆ ಸುರಿದರು. ಆ ಸದ್ದಿನಲ್ಲಿ ಯಾವ ಗೌರವದ ಮಾತೂ ಆಡಲು ಸಾಧ್ಯವಿರಲಿಲ್ಲ. ಕಾಳು ಮುಗಿದು ಮೋಟರು ನಿಲ್ಲುವವರೆಗೆ ಕಾದೆ. ಆಮೇಲೆ ಕೆಟಲ್ಲು, ಸಕ್ಕರೆ, ನಲವತ್ತೈದು ವಾಟು, ಮಂಚ, ಎಲ್ಲವನ್ನೂ ಹೇಳಿಬಿಟ್ಟೆ. ಕೈ ಮುಗಿದೆ.

ಅವರು ಹಿಟ್ಟು ಮೆತ್ತಿದ ರೆಪ್ಪೆಗಳನ್ನು ಒರೆಸಿಕೊಂಡರು.

"ನಂಗ ಅವತ್ತ ಗೊತ್ತಿತ್ರಿ."

"ಹೆಂಗ್ರಿ?"

"ನಾ ಮಿಕ್ಸರ್ ಹಾಕೂ ಮೊದಲ ಫ್ಯಾನ್ ಮೆಲ್ಲಗಾಗಿತ್ತು. ಯಾರೋ ದೊಡ್ಡ ಆಸಾಮಿ ಮ್ಯಾಗ ಉಣ್ಣಾಕ ಕುಂತಾನ ಅಂತ ಅನಿಸ್ತು. ಅದಕ ನಿಮ್ಮನ್ನ ಕೇಳಿದೆ. ನೀವು ಹಾಕ್ರಿ ಅಂದ್ರಿ. ಅಷ್ಟ್ ದೊಡ್ಡ ಮಂತ್ರಿ ಅಂದ ಮ್ಯಾಗ ನಾ ಏನ್ ಹೇಳ್ಲಿ."

"ಮತ್ತ ಎಲ್ಲಾರ ಮುಂದ ಯಾಕ ಹೇಳ್ಲಿಲ್ಲರಿ?"

"ಅದು ಮಗಳ ಮನಿ, ಬೀಗ್ರ. ಮಾವನ್ನ ಸುಳ್ಳಾ ಮಾಡಿ ನಾ ಬಸ್ ಹತ್ತಿ ಬಂದ್ರ, ಅಲ್ಲಿ ಇರಾಕಿ ಆಕಿ."

ನಾನು ಕ್ಷಮಿಸಿರೆಂದೆ. ಅವರು ಈ ಸಲ ತಮಾಷೆ ಮಾಡಲಿಲ್ಲ. "ನಂದೇನ್ರಿ, ಹಿಟ್ಟಿನಂಥ ಹೆಸರು, ಝಾಡಿಸಿದ್ರ ಹೋಗತೈತಿ. ಹೋಗ್ಲಿ ಬಿಡ್ರಿ, ಮನಸ್ನ್ಯಾಗ ಇಟ್ಕೊಂಡಿಲ್ಲ" ಎಂದರು. ಖಾರಪುಡಿಯ ಮಷೀನು ಎಲ್ಲಿ ಎಂದು ಕೇಳಿದೆ. ಮೂಲೆ ಖಾಲಿಯಿತ್ತು. ಸಂಡೂರಿನ ಕಡೆಯ ಚೋರನೂರಿನ ಹೆಂಗಸರು ಕೂಡಿ ಪುಡಿ ಮಾಡುತ್ತಾರಂತೆ, ತುಕ್ಕು ಹಿಡಿಯುವುದಕ್ಕಿಂತ ಅವರಿಗಾದರೂ ಆಗಲಿ ಎಂದು ಕೊಟ್ಟುಬಿಟ್ಟಿದ್ದರು.

"ಚಹಾ ಮಾಡ್ತೀನಿ, ಸಕ್ರಿ ಹಾಕಂಗಿಲ್ಲ" ಎಂದು ಎದ್ದವರು ಬಾಗಿಲ ಹತ್ತಿರ ತಿರುಗಿದರು. "ನನ್ನ ಮುಂದ ಹೇಳಿದ್ರಿ, ಛಲೋ ಆತು. ಆಕಿ ಮುಂದ ಹೇಳೀರೇನು?"

ನಾನು ಅಂಗಿಗೆ ಮೆತ್ತಿದ ಹಿಟ್ಟು ಕೊಡವತೊಡಗಿದೆ.

"ನಮ್ಮವ್ವಗ ಏನೂ ತಿಳಿಯಂಗಿಲ್ಲ ಅಂತ ಆಕಿ ಇನ್ನೂ ನಂಬ್ಯಾಳ್ರಿ. ನಂಗ ಸ್ವಿಚ್ ಮುಟ್ಟಾಕ ಬಿಡಂಗಿಲ್ಲ. ನಾ ಹೇಳಿದ್ರ ನಿಮ್ಮ ಮ್ಯಾಲೆ ಹಾಕಿದಂಗ ಆಗತೈತಿ. ನೀವ ಹೇಳ್ರಿ."

ಹೇಳುತ್ತೇನೆಂದು ಬಂದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದೆ. ಮನೆಗೆ ಬಂದರೆ ಸೊಸೆ ಆಗತಾನೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಮಷೀನಿನ ಆಸೆ ಬಿಟ್ಟ ಮೇಲೆ, ಪೇಟೆಯಲ್ಲಿ ಬೇರೆಯವರು ಮಾಡಿದ ಖಾರಪುಡಿಯನ್ನು ಪಾಕೀಟಿಗೆ ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಆ ಪುಡಿಯಲ್ಲಿ ಬೆಳ್ಳುಳ್ಳಿ ಕಮ್ಮಿ, ಉಪ್ಪು ಹೆಚ್ಚು ಎಂದು ಬಂದು ಬೈಯುತ್ತಾಳೆ. ಕಣ್ಣು ಕೆಂಪಾಗಿತ್ತು, ಖಾರದಿಂದ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಹಾಗೆ ಎಷ್ಟೋ ನಾಳೆಗಳಾದವು. ಕೆಟಲ್ಲನ್ನು ಗುಜರಿಯವನಿಗೆ ಹಾಕಿದ್ದೇನೆ. ಮುಂದಿನ ಕೋಣೆಯನ್ನು ಬಿಟ್ಟು ನಾನೇ ಮಾಳಿಗೆಗೆ ಮಂಚ ಸಾಗಿಸಿದ್ದೇನೆ. ಏಕೆಂದು ಯಾರೂ ಕೇಳಲಿಲ್ಲ. ಕೋಣೆ ಖಾಲಿ ಬಿದ್ದಿದೆ. ಅವಳು ಅದನ್ನು ಗುಡಿಸಿ ಬಾಗಿಲು ಹಾಕುತ್ತಾಳೆ.

ಕರೆಂಟು ಹೋದರೆ ಈಗಲೂ ನಾನೇ ಹಗ್ಗ ಎಳೆಯುತ್ತೇನೆ. ಮಿಕ್ಸರಿಗೆ ಸಾಕಾಗುವಷ್ಟು ಜಾಗ ಈ ಜನರೇಟರಿನಲ್ಲಿದೆ. ಅವಳಿಗೆ ಹೇಳಿಯೂ ಇದ್ದೇನೆ. ಆದರೂ ಜನರೇಟರು ನಡೆಯುತ್ತಿರುವಾಗ ಅವಳು ಮಿಕ್ಸರು ಮುಟ್ಟುವುದಿಲ್ಲ, ಒರಳುಕಲ್ಲಿನ ಮುಂದೆ ಕೂರುತ್ತಾಳೆ. ನಿನ್ನೆ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದು ನಿಂತು ಕೇಳಿದಳು:

"ಮಾವಾರ, ಮೊಬೈಲ್ ಚಾರ್ಜಿಗೆ ಹಾಕ್ಲೇನ್ರಿ? ಏನೂ ಆಗಂಗಿಲ್ಲಲ್ಲ?"

"ಹಾಕವ್ವ" ಎಂದೆ. ಅದರ ಹಿಂದೆಯೇ ಉಳಿದದ್ದನ್ನೂ ಹೇಳಲು ಬಾಯಿ ತೆರೆದೆ. ಅವಳು ಒಂದು ಗಳಿಗೆ ನಿಂತಳು, ನಾನು ಕೆಮ್ಮಿದೆ, ಅವಳು ಒಳಗೆ ಹೋದಳು.

ಅದಕ್ಕೇ ಬರೆದೆ. ತಾಯಿಯ ಹತ್ತಿರ ಕೈ ಮುಗಿದು ಬಂದಿದ್ದೇನೆ, ಅವರು ಕ್ಷಮಿಸಿದ್ದಾರೆ. ದಿನವೂ ಒಂದೇ ಸೂರಿನ ಕೆಳಗಿದ್ದೂ, ಅವಳ ಮಷೀನನ್ನೂ ತಾಯಿಯ ಮೇಲಿನ ಅವಳ ನಂಬಿಕೆಯನ್ನೂ ಒಂದು ಲೋಟ ಸಿಹಿ ಚಹಾಕ್ಕಾಗಿ ಕಳೆದು, ಇವತ್ತಿನವರೆಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ನನ್ನ ಸೊಸೆಯನ್ನು.